ನೋಯದ ಗಂಟು, ಪಳಗಿದ ಬೆರಳು

ಸ್ತನ ಕ್ಯಾನ್ಸರ್ ತಪಾಸಣೆ ಎಂದರೆ ನಮಗೆ ನೆನಪಾಗುವುದು ಮ್ಯಾಮೊಗ್ರಾಂ ಯಂತ್ರ. ಆದರೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 1998ರಲ್ಲಿ ಯಂತ್ರವನ್ನು ಬದಿಗಿಟ್ಟು ಬೆರಳುಗಳನ್ನೇ ಪರೀಕ್ಷೆಗೆ ಒಡ್ಡಿದರು. ನಗರದ ಬಡ ಬಡಾವಣೆಗಳ, 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರು ಈ ಅಧ್ಯಯನದಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಹೀಗೆ ನಾಲ್ಕು ಸುತ್ತು ನಡೆಯಿತು. ಉಳಿದವರಿಗೆ ಸಿಕ್ಕಿದ್ದು ರೋಗದ ಬಗ್ಗೆ ತಿಳಿವಳಿಕೆ ಮಾತ್ರ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ: 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರಹತ್ತಿರ ಶೇ. 30ರಷ್ಟು ತಗ್ಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಮಾತ್ರ ಸಾವಿನ ಲೆಕ್ಕ ಗಮನಾರ್ಹವಾಗಿ ಇಳಿಯಲಿಲ್ಲ.

ಮ್ಯಾಮೊಗ್ರಾಂ ಬೇಡವೆಂದಲ್ಲ. ಬೆರಳಿಗೆ ಸಿಗದಷ್ಟು ಸಣ್ಣ ಗಡ್ಡೆಯನ್ನೂ ಅದು ತೋರಿಸಬಲ್ಲದು. ಆದರೆ ಹರೆಯದವರ ಸ್ತನದಲ್ಲಿ ಗ್ರಂಥಿಯ ಅಂಗಾಂಶ ದಟ್ಟವಾಗಿರುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಅದೂ ಬಿಳಿ, ಗಡ್ಡೆಯೂ ಬಿಳಿ. ಮೋಡದಲ್ಲಿ ಕೊಕ್ಕರೆ ಹುಡುಕಿದ ಹಾಗೆ. ಭಾರತದಲ್ಲಿ ಐವತ್ತರೊಳಗೇ ಈ ರೋಗಕ್ಕೆ ತುತ್ತಾಗುವವರು ಬಹಳ. ಇನ್ನು ಯಂತ್ರ, ಅದರ ಚಿತ್ರ ಓದಬಲ್ಲ ತಜ್ಞರು ತಾಲ್ಲೂಕು ಮಟ್ಟದಲ್ಲಿ ಎಲ್ಲಿ ಸಿಕ್ಕಾರು?

ಹಾಗಾದರೆ ಮನೆಯಲ್ಲೇ ತಾವಾಗಿ ಮುಟ್ಟಿ ನೋಡಿಕೊಂಡರೆ ಸಾಲದೇ? ಚೀನಾದ ಶಾಂಘೈನಲ್ಲಿ ಜವಳಿ ಗಿರಣಿಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ 2002ರಲ್ಲಿ ಕೊಟ್ಟ ಉತ್ತರ ನಿರಾಶಾದಾಯಕ. ಸ್ವಯಂಪರೀಕ್ಷೆ ಕಲಿತವರಲ್ಲಿ ಸಾವು ಕಡಿಮೆಯಾಗಲಿಲ್ಲ, ನಿರುಪದ್ರವಿ ಗಂಟುಗಳಿಗಾಗಿ ಬಯಾಪ್ಸಿ ಮಾತ್ರ ಹೆಚ್ಚಾಯಿತು. ಹಾಗೆಂದು ತನ್ನ ದೇಹದ ಪರಿಚಯವೇ ಬೇಡವೆಂದು ಅರ್ಥವಲ್ಲ. ಹೊಸ ಗಂಟು, ಕಂಕುಳಲ್ಲಿ ಊತ, ತೊಟ್ಟು ಒಳಗೆ ಸೆಳೆದುಕೊಳ್ಳುವುದು, ಅದರಿಂದ ರಕ್ತ ಒಸರುವುದು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಬಹುತೇಕ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. 'ನೋವಿಲ್ಲವಲ್ಲ, ಹಬ್ಬ ಮುಗಿಯಲಿ' ಎನ್ನುವ ಮನೆಗಳಲ್ಲಿ ಅದು ಬೆಳೆಯುತ್ತಲೇ ಇರುತ್ತದೆ.

ಯಾರಿಗೆ ಅಪಾಯ ಹೆಚ್ಚು? ಹೆಣ್ಣಾಗಿರುವುದು ಮತ್ತು ವಯಸ್ಸಾಗುವುದು, ಇವೆರಡೇ ದೊಡ್ಡವು. ಬೇಗ ಮೈನೆರೆಯುವುದು, ತಡವಾಗಿ ಮುಟ್ಟು ನಿಲ್ಲುವುದು, ಹೆರದಿರುವುದು ಅಥವಾ ಮೂವತ್ತರ ನಂತರ ಮೊದಲ ಹೆರಿಗೆ, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯ ಕೂಡ ಪಟ್ಟಿಯಲ್ಲಿವೆ. ಹಾಲೂಡಿಸುವುದು ಅಪಾಯವನ್ನು ಕೊಂಚ ತಗ್ಗಿಸುತ್ತದೆ. ಬಿಆರ್‌ಸಿಎ ಜೀನ್‌ಗಳಂಥ ವಂಶವಾಹಿ ದೋಷ ಕಾರಣವಾಗುವುದು ನೂರರಲ್ಲಿ ಐದರಿಂದ ಹತ್ತು ಪ್ರಕರಣಗಳಿಗೆ. ಆದ್ದರಿಂದ 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲ' ಎಂಬ ಧೈರ್ಯಕ್ಕೆ ಹೆಚ್ಚು ಬೆಲೆಯಿಲ್ಲ. ಅಪರೂಪಕ್ಕೆ ಗಂಡಸರಿಗೂ ಬರುತ್ತದೆ.

30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಕೈಪರೀಕ್ಷೆ ಮಾಡಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಮುಂಬೈನಲ್ಲಿ ಫಲ ಕೊಟ್ಟದ್ದು ಎರಡು ವರ್ಷಕ್ಕೊಮ್ಮೆ ಮಾಡಿದ ಪರೀಕ್ಷೆ. ಐದು ವರ್ಷದ ಅಂತರ ನನಗಂತೂ ದೀರ್ಘವೆನಿಸುತ್ತದೆ.