ಮನೆಯನ್ನು ಮಾರಿ ವಚನಗಳನ್ನು ಉಳಿಸಿದವರು

ನಿಡೋಣಿಯಂತಹ ಊರಿನ ಪಡಸಾಲೆಯಲ್ಲಿ ದೀಪ ಹಚ್ಚಿದ ಮೇಲೆ ಹಿರಿಯರು ವಚನದ ಪುಸ್ತಕವನ್ನು ತೆರೆದು ಓದುವುದುಂಟು. ಕೇಳುವವರಿಗೆ ಬಸವಣ್ಣನವರು ಗೊತ್ತು, ಅಕ್ಕಮಹಾದೇವಿಯೂ ಗೊತ್ತು. ಆದರೆ ಆ ಮಾತುಗಳನ್ನು ಓಲೆಯ ಕಟ್ಟಿನಿಂದ ಬಿಡಿಸಿ, ಆಯ್ದು, ಅಚ್ಚಿಗೇರಿಸಿದವರು ಯಾರೆಂದು ಕೇಳುವವರು ಎಷ್ಟು ಮಂದಿ? ಅವರಾದರೋ ದೂರದವರಲ್ಲ. ನಿಡೋಣಿ, ಬಬಲೇಶ್ವರಗಳ ಜನರು ಕೋರ್ಟು ಕಚೇರಿಗಳಿಗೆಂದು ಹೋಗುವ ವಿಜಯಪುರದಲ್ಲಿಯೇ ಹೆಚ್ಚು ಕಡಿಮೆ ಅರುವತ್ತು ವರ್ಷ ಬಾಳಿದ ವಕೀಲರು, ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಹುಟ್ಟಿದ್ದು ಧಾರವಾಡದಲ್ಲಿ, ೧೮೮೦ನೆಯ ಇಸವಿ ಜುಲೈ ೨ರಂದು. ತಂದೆಯವರು ಶಿಕ್ಷಕರು, ಲೇಖಕರು. ಮುಂಬಯಿಯಲ್ಲಿ ಕಾಯಿದೆಯನ್ನು ಓದಿ, ೧೯೦೪ರ ಸುಮಾರಿಗೆ ಆಗಿನ ವಿಜಾಪುರಕ್ಕೆ ಬಂದು ವಕೀಲಿಯಲ್ಲಿ ನಿಂತರು. ೧೯೧೦ರಲ್ಲಿ ವಿದ್ಯಾಸಂಸ್ಥೆಯನ್ನೂ ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾಳುಗಳಾದರು. ಇಷ್ಟರಿಂದಲೇ ಒಬ್ಬ ಮನುಷ್ಯನ ಬಾಳು ಸಾರ್ಥಕವೆನ್ನಬಹುದಿತ್ತು. ಆದರೆ ನಾವು ಹೇಳಹೊರಟಿರುವುದು ಇದಲ್ಲ.

ರಬಕವಿಯ ಮನೆಯೊಂದರಲ್ಲಿ ಕಂಡ ತಾಡವೋಲೆಯ ಕಟ್ಟುಗಳು ಅವರ ಮನಸ್ಸನ್ನು ಸೆಳೆದವು. ಓಲೆಯನ್ನು ಓದುವುದು ಸುಲಭವೆಂದು ವಾಚಕರು ಭಾವಿಸಬಾರದು. ಅಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ಒಂದು ವಚನ ಮುಗಿದು ಇನ್ನೊಂದು ಮೊದಲಾದುದು ಕಣ್ಣಿಗೆ ಕಾಣದು. ಹುಳು ತಿಂದ ತೂತಿನಲ್ಲಿ ಅಕ್ಷರ ಹೋಗಿರುವುದು. ಬರೆದವನು ನಿದ್ದೆಗಣ್ಣಿನಲ್ಲಿ ಸಾಲನ್ನೇ ಬಿಟ್ಟಿರುವುದೂ ಉಂಟು. ಇಂತಹದರಲ್ಲಿ ಕೈಹಿಡಿದು ನಡೆಸುವುದು ಅಂಕಿತ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುಗಳದು. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿಯಂತೂ ಗಂಡ ಮಾರಯ್ಯನ ಹೆಸರೇ ಸೇರಿಕೊಂಡಿದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ನಾಚುವ ನಮ್ಮ ಮನೆಗಳ ಹಿರಿಯ ಹೆಂಗಸರು ಇದನ್ನು ಕೇಳಿ ನಕ್ಕಾರು!

ಹಳಕಟ್ಟಿಯವರು ಕೆಲಸಕ್ಕೆ ತೊಡಗಿದಾಗ ಸುಮಾರು ೫೦ ವಚನಕಾರರ ಹೆಸರು ಮಾತ್ರ ತಿಳಿದಿದ್ದಿತು. ಅವರ ಶೋಧದಿಂದ ಆ ಸಂಖ್ಯೆ ೨೦೦ನ್ನು ಮೀರಿತೆಂದು ಬಲ್ಲವರ ಲೆಕ್ಕ. ಕೂಡಿಸಿದುದನ್ನು ಅವರು ಸುಮ್ಮನೆ ರಾಶಿ ಹಾಕಲಿಲ್ಲ. ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿದರು. ಒಂದೇ ವಿಚಾರದ ಮೇಲೆ ಬೇರೆ ಬೇರೆ ಶರಣರು ಹೇಳಿದುದು ಒಂದೆಡೆ ಕೂಡಿದಾಗ, ಅವು ಬಿಡಿ ಭಕ್ತಿಯ ಮಾತುಗಳಲ್ಲ, ಒಂದು ಶಾಸ್ತ್ರವೇ ಆಗಿವೆಯೆಂಬುದು ಓದುವವನಿಗೆ ತಾನಾಗಿಯೇ ಹೊಳೆಯುವುದು. ಆಯ್ಕೆಯೂ ಜೋಡಣೆಯೂ ವಿಮರ್ಶೆಯೇ ಎಂದು ನಾವು ತಿಳಿಯುತ್ತೇವೆ. ದೊಡ್ಡ ಮುನ್ನುಡಿಗಳಿಂದ ಆಗದ ಕೆಲಸವನ್ನು ಒಮ್ಮೊಮ್ಮೆ ಪರಿವಿಡಿಯೇ ಮಾಡಿಬಿಡುವುದು.

ಹಸ್ತಪ್ರತಿಯನ್ನು ಮಂಗಳೂರಿನ ಅಚ್ಚುಕೂಟವೊಂದಕ್ಕೆ ಕಳುಹಿದಾಗ ಅದು ಮರಳಿ ಬಂದಿತೆಂದು ಹೇಳುವರು. ಕೊನೆಗೆ ೧೯೨೩ರಲ್ಲಿ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಅಚ್ಚುಕೂಟವನ್ನು ನಂಬಿ ಕುಳಿತರೆ ಓಲೆಗಳು ಹುಳುವಿನ ಪಾಲಾಗುವುವೆಂದು ೧೯೨೫ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಹಣವೆಲ್ಲಿಂದ? ಇದ್ದ ಸ್ವಂತ ಮನೆಯನ್ನು ಮಾರಿದರು. ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದರು. ಗೃಹಸ್ಥರಾದ ನಮ್ಮ ವಾಚಕರಿಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಮನೆ ಕಟ್ಟುವುದಕ್ಕಾಗಿ ಊಟ ಬಿಟ್ಟವರನ್ನು ನಾವು ನೋಡಿದ್ದೇವೆ. ಪುಸ್ತಕಕ್ಕಾಗಿ ಮನೆ ಬಿಟ್ಟವರು ಅಪರೂಪ. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯೂ ಮರುವರ್ಷ ‘ನವಕರ್ನಾಟಕ’ವೂ ಹೊರಟವು. ಅದೇ ೧೯೨೬ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಅವರ ಸಂಪಾದನೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಹತ್ತಾರು ಪ್ರತಿಗಳನ್ನು ಎದುರಿಟ್ಟು ಪಾಠಭೇದಗಳನ್ನು ತೂಗಿ ನೋಡುವ ಬಿಡುವು ಒಂಟಿ ಮನುಷ್ಯನಿಗೆ ಎಲ್ಲಿಯದು? ಅದು ಮುಂದಿನವರ ಪಾಲಿಗೆ ಬಂದಿತು. ಅದೇ ಜಿಲ್ಲೆಯ ಸಿಂದಗಿ ಸೀಮೆಯವರಾದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸಮಗ್ರ ವಚನ ಸಾಹಿತ್ಯವು ೧೫ ಸಂಪುಟಗಳಲ್ಲಿ ಹೊರಬಂದಿತು. ಅಲ್ಲಿ ತಿದ್ದುಪಡಿಗಳು ಇದ್ದೇ ಇವೆ. ಆದರೆ ತಿದ್ದುವುದಕ್ಕೆ ಮೊದಲು ಒಂದು ಪಾಠವಿರಬೇಕಷ್ಟೆ. ಅದನ್ನು ಇಟ್ಟುಹೋದವರು ಹಳಕಟ್ಟಿಯವರು.

ಕರ್ನಾಟಕ ವಿಶ್ವವಿದ್ಯಾಲಯವು ೧೯೫೬ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಆಗ ಅವರಿಗೆ ಎಪ್ಪತ್ತಾರು ವಯಸ್ಸು. ೧೯೬೪ರ ಜೂನ್ ೨೯ರಂದು ವಿಜಾಪುರದಲ್ಲಿ ತೀರಿಕೊಂಡರು.

ನಿಡೋಣಿಯಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಹಳೆಯ ಮನೆಯ ಅಟ್ಟದಲ್ಲಿ, ದೇವರ ಜಗುಲಿಯ ಮೇಲೆ, ಓಲೆಯ ಕಟ್ಟು ಇಂದಿಗೂ ಇದ್ದರೆ ಅದಕ್ಕೆ ನೀರು ಚಿಮುಕಿಸಬೇಡಿರಿ, ಎಣ್ಣೆಯ ದೀಪದ ಬಳಿ ಇಡಬೇಡಿರಿ. ಅರಿವೆಯಲ್ಲಿ ಸುತ್ತಿ, ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ, ಅಲ್ಲಿಯವರಿಗೆ ಒಮ್ಮೆ ತೋರಿಸಿರಿ.