ಮೆರುಗು ಅಂದರೇನು?



ಉಪ್ಪಿನಕಾಯಿಯ ಭರಣಿ ಹೊಳೆಯುತ್ತದೆ. ನೀರಿನ ಗಡಿಗೆ ಹೊಳೆಯುವುದಿಲ್ಲ. ಎರಡೂ ಮಣ್ಣಿನವೇ ಅಲ್ಲೇನ್ರಿ? ಹಾಗಾದರೆ ಭರಣಿಗೆ ಹೊಳಪು ಎಲ್ಲಿಂದ ಬಂತು?

ಆ ಹೊಳಪಿಗೆ ಮೆರುಗು ಅನ್ನುತ್ತೇವೆ.

ಭರಣಿಯ ಮೆರುಗು

ಭರಣಿಯ ಮೆರುಗು ಅಂದರೆ ತೆಳುವಾದ ಗಾಜಿನ ಪದರ. ಕಲ್ಲಿನ ಪುಡಿ, ಮಣ್ಣು ಎರಡನ್ನೂ ನುಣ್ಣಗೆ ಅರೆದು ನೀರಿನಲ್ಲಿ ಕಲಸುತ್ತಾರೆ. ಭರಣಿಯನ್ನು ಅದರಲ್ಲಿ ಅದ್ದುತ್ತಾರೆ. ಒಣಗಿದ ಮೇಲೆ ಭಟ್ಟಿಯಲ್ಲಿ ಸುಡುತ್ತಾರೆ. ಸುಮಾರು 1200 ಡಿಗ್ರಿ ಕಾವಿಗೆ ಆ ಪುಡಿ ಕರಗಿ ಗಾಜಾಗುತ್ತದೆ. ಮಣ್ಣಿನ ಸಣ್ಣ ಸಣ್ಣ ತೂತು ಮುಚ್ಚುತ್ತವೆ. ಉಪ್ಪು, ಹುಳಿ, ಎಣ್ಣೆ ಹೊರಗೆ ಜಿನುಗುವುದಿಲ್ಲ.

ನಮ್ಮ ಇಂಡಿ ಲಿಂಬೆಗೆ 2023ರಲ್ಲಿ ಜಿಐ ಮನ್ನಣೆ ಸಿಕ್ಕಿತು. ಇದು ಈ ನೆಲದ್ದೇ ಬೆಳೆ ಎಂಬ ಸರಕಾರದ ಗುರುತು ಅದು. ಆ ಲಿಂಬೆಯ ಉಪ್ಪಿನಕಾಯಿ ಬಹಳ ದಿನ ಇಡಲು ಭರಣಿ ಒಳ್ಳೆಯದು.

ಮೆರುಗು ಎಷ್ಟು ಗಟ್ಟಿ? ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ಇದೆ. 1472ರಲ್ಲಿ ಕಟ್ಟಿದ್ದು. ಅದರ ಗೋಡೆಗೆ ಮೆರುಗು ಕೊಟ್ಟ ಬಣ್ಣದ ಬಿಲ್ಲೆ ಹಚ್ಚಿದ್ದಾರೆ. ಬಹಳಷ್ಟು ಉದುರಿವೆ. ಉಳಿದವು ಇಂದಿಗೂ ಹೊಳೆಯುತ್ತವೆ.

ಗಡಿಗೆಗೆ ಮೆರುಗು ಯಾಕೆ ಇಲ್ಲ?

ಗಡಿಗೆಗೆ ಮೆರುಗು ಬೇಡ. ಅದರ ಸಣ್ಣ ತೂತುಗಳಿಂದ ನೀರು ಜಿನುಗಬೇಕು. ಜಿನುಗಿದ ನೀರು ಗಾಳಿಗೆ ಆರುತ್ತದೆ. ಆರುವಾಗ ಒಳಗಿನ ಕಾವು ಎಳೆದುಕೊಳ್ಳುತ್ತದೆ. ಸಿಂದಗಿ, ಮುದ್ದೇಬಿಹಾಳದ ಬ್ಯಾಸಿಗಿ ಬಿಸಲಾಗ ನಮಗೆ ತಣ್ಣೀರು ಸಿಗೋದು ಹೀಗೆ. ಎಲ್ಲ ಕಡೆಗೂ ಮೆರುಗು ಬೇಕು ಅನ್ನುವುದು ತಪ್ಪು.

ಅಡಿಗೆಮನೆಯ ಮೆರುಗು

ಸಂಕ್ರಾಂತಿಗೆ ಕುಸುರೆಳ್ಳು ಮಾಡುತ್ತೇವೆ. ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆ ಪಾಕ ಸ್ವಲ್ಪ ಸ್ವಲ್ಪ ಹಾಕಿ ಆಡಿಸುತ್ತೇವೆ. ಪಾಕ ಪದರ ಪದರವಾಗಿ ಕೂಡುತ್ತದೆ. ಇದೂ ಒಂದು ಮೆರುಗೇ. ಒಳಗೆ ಎಳ್ಳು ಇದೆ ಎಂದು ನಮಗೆ ಗೊತ್ತು.

ಅಂಗಡಿಯ ತೊಗರಿಬೇಳೆ ನೋಡ್ರಿ. ನೀರು ಇಲ್ಲವೆ ಎಣ್ಣೆ ಸವರಿ ಪಾಲಿಶ್ ಮಾಡುವುದುಂಟು. ಅದರಿಂದ ಬೇಳೆಯ ಸತ್ವ ಹೆಚ್ಚುವುದಿಲ್ಲ.

ತಾಮ್ರ, ಹಿತ್ತಾಳಿ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಪಾತ್ರೆ ಕಾಯಿಸಿ, ನವಸಾಗರ ಹಾಕಿ ತಿಕ್ಕಿ, ಒಳಗೆ ತವರ ಸವರುತ್ತಾರೆ. ಈ ಮೆರುಗು ಬರೀ ಚೆಂದಕ್ಕಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬುತ್ತದೆ. ಉಂಡವರಿಗೆ ವಾಂತಿ, ಹೊಟ್ಟೆನೋವು ಬರಬಹುದು.

ಕಲಾಯಿಯ ತವರಕ್ಕೆ ಸೀಸ ಬೆರೆಸಿದರೆ ಅಪಾಯ. ಕೆಲವು ಬಣ್ಣದ ಮಣ್ಣಿನ ಪಾತ್ರೆಗಳ ಮೆರುಗಿನಲ್ಲೂ ಸೀಸ ಇರುತ್ತದೆ. ಹುಳಿ ತಗಲಿದರೆ ಸೀಸ ಬಿಟ್ಟುಕೊಳ್ಳುತ್ತದೆ. ಅದು ಮಕ್ಕಳ ಮೆದುಳಿಗೆ ಕೆಡಕು. ಆದ್ದರಿಂದ ಚೆಂದಕ್ಕೆ ಇಡುವ ಪಾತ್ರೆಯಲ್ಲಿ ಉಪ್ಪಿನಕಾಯಿ ಹಾಕಬಾರದು. ತವರ ಶುದ್ಧವೋ ಅಲ್ಲವೋ ಎಂದು ಕಲಾಯಿಯವರನ್ನು ಕೇಳಬೇಕು.

ಮಾತಿನ ಮೆರುಗು

ಮಾತಿಗೂ ಮೆರುಗು ಉಂಟು. ಗಾದೆ ಕೂಡಿಸಿ ಆಡಿದ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಬಸವನ ಬಾಗೇವಾಡಿ ಬಸವಣ್ಣನವರ ಊರು. 12ನೇ ಶತಮಾನದ ಶರಣರು ಜನರ ಕನ್ನಡದಲ್ಲೇ ವಚನ ಹೇಳಿದರು. ನಡೆ, ನುಡಿ ಒಂದಾಗಬೇಕು ಅಂದರು. ಆ ಮಾತಿನ ಮೆರುಗು ಇನ್ನೂ ಮಾಸಿಲ್ಲ.

ಮೋಸದ ಮೆರುಗೂ ಉಂಟು. "ಒಂದ ವರ್ಷದಾಗ ನಿಮ್ಮ ರೊಕ್ಕ ಎರಡರಷ್ಟ ಮಾಡಿ ಕೊಡ್ತೀವ್ರಿ. ಇಲ್ಲೊಂದ ಸಹಿ ಹಾಕ್ರಿ ಅಕ್ಕಾ" ಅನ್ನುವವರು ಬರುತ್ತಾರೆ. ಮಾತು ಬೆಲ್ಲದಂತೆ ಇರುತ್ತದೆ. 'ಹೊರಗೆ ಥಳಕು, ಒಳಗೆ ಹುಳುಕು' ಎಂಬ ಗಾದೆ ಇಂಥವರಿಗೇ ಇರುವುದು.

ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಕಾಗದದಲ್ಲಿ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಈಗ ಓದಲು ಬರುತ್ತದೆ. ರೊಕ್ಕ ಎಷ್ಟು, ಬಡ್ಡಿ ಎಷ್ಟು, ತೀರಿಸುವ ತಾರೀಖು ಯಾವುದು ಎಂದು ಓದೋಣ. ತಿಳಿಯದಿದ್ದರೆ ಮನೆಗೆ ತಂದು ನಾಲ್ಕು ಮಂದಿ ಕೂಡಿ ಓದೋಣ. ಖಾಲಿ ಕಾಗದಕ್ಕೆ ಸಹಿ ಬೇಡ.

ಕಾಯುವ ಮೆರುಗು ಬೇಕು. ಮುಚ್ಚಿಡುವ ಮೆರುಗು ಬೇಡ. ಹೊಳಪು ಕಂಡಾಗ ಒಳಗೆ ಏನಿದೆ ಎಂದು ಕೇಳೋಣ.