ಕೆಂಪು ನಾಲಗೆಯ ಕೆಮರಾ

ಯಂತ್ರಗಳಿಗೆ ಮಾತು ಬಾರದೆನ್ನುವವರು ನನ್ನ ಕೆಮರಾವನ್ನು ಕಂಡವರಲ್ಲ. ಬೆಳಕು ಸಾಲದೆ ಹೋದರೆ ಅದು ಇಣುಕುಗಂಡಿಯಲ್ಲಿ ಕೆಂಪು ನಾಲಗೆಯೊಂದನ್ನು ಚಾಚಿ, ಗುಂಡಿಯನ್ನು ಬಿಗಿಹಿಡಿದು, 'ಒಲ್ಲೆ' ಎಂದುಬಿಡುತ್ತದೆ.

ಅದು ಒಲಿಂಪಸ್ ಟ್ರಿಪ್ 35. 1967ರಲ್ಲಿ ಜಪಾನಿನಲ್ಲಿ ಹುಟ್ಟಿ, 1984ರವರೆಗೆ ತಯಾರಾದ ಪುಟ್ಟ ಕೆಮರಾ. ಮುಂಬಯಿಯ ಹೋಟೆಲೊಂದರ ಗಲ್ಲೆಯಲ್ಲಿ ಕುಳಿತು ಆಯುಷ್ಯ ಸವೆಸಿದ ಸೋದರಮಾವನಿಂದ ನನಗೆ ಬಂದದ್ದು. ಅದಕ್ಕೆ ಬ್ಯಾಟರಿ ಬೇಡ. ಮಸೂರದ ಸುತ್ತ ಜೇನುಹಟ್ಟಿಯಂತೆ ತೋರುವ ಗಾಜಿನ ಹಿಂದೆ ಸೆಲೆನಿಯಮ್ ಕೋಶವುಂಟು. ಬೆಳಕು ಬಿದ್ದೊಡನೆ ಅದೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಬಲದಿಂದ ಸೂಜಿಯೊಂದು ಓಲಾಡಿ, ಮಸೂರದ ರಂಧ್ರ ಎಷ್ಟು ತೆರೆಯಬೇಕೆಂಬುದು ನಿಶ್ಚಯವಾಗುತ್ತದೆ. ವೇಗಗಳಾದರೋ ಎರಡೇ: ಸೆಕೆಂಡಿನ 200ನೆಯ ಒಂದು ಭಾಗ ಮತ್ತು 40ನೆಯ ಒಂದು ಭಾಗ. ಸಾಲಿಗ್ರಾಮದ ಹಗಲಿಗೆ ಇಷ್ಟು ಸಾಕು. ಗುರುನರಸಿಂಹನ ತೇರು, ಪಾರಂಪಳ್ಳಿಯ ಹಿನ್ನೀರು, ಗದ್ದೆಯಂಚಿನ ತೆಂಗು — ಇವೆಲ್ಲ ಅದಕ್ಕೆ ಒಲಿದಿವೆ.

ಆದರೆ ನಮ್ಮ ಕಡೆಯ ಸೊಬಗು ಹಗಲಿನದು ಮಾತ್ರವೆ? ಅದರ ಅರ್ಧಪಾಲು ರಾತ್ರಿಯದು, ಬಯಲಾಟದ್ದು.

ಕಳೆದ ವರ್ಷ ನೆರೆಮನೆಯ ಹಿರಿಯ ವೇಷಧಾರಿಯೊಬ್ಬರು ಮೇಳದಿಂದ ನಿವೃತ್ತರಾಗುವವರಿದ್ದರು. ಅದು ಅವರ ಕೊನೆಯ ಆಟ. ಬಾಲ್ಯದಿಂದ ಅವರ ಮಂಡಿ ಕುಣಿತವನ್ನು ಕಣ್ಣು ತುಂಬಿಕೊಂಡ ನನಗೆ ಅದರ ಒಂದು ಚಿತ್ರವಾದರೂ ಬೇಕಿತ್ತು. ಚೆಂಡೆ ಏರಿತು, ಕೇದಗೆ ಮುಂದಲೆ ತಿರುಗಿತು, ಗುಂಡಿಯನ್ನು ಒತ್ತಿದೆ. ಕೆಂಪು ನಾಲಗೆ! ಮತ್ತೆ ಒತ್ತಿದೆ, ಮತ್ತದೇ. ಭಾಗವತರು ಮಂಗಳ ಹಾಡುವವರೆಗೂ ನನ್ನ ಸುರುಳಿ ಒಂದಂಗುಲವೂ ಸರಿಯಲಿಲ್ಲ.

ಅಂದಿನಿಂದ ಹೊಸ ಕೆಮರಾದ ಚಿಂತೆ ಹತ್ತಿತು. ಹೊಸದೆಂದರೆ ಹಳೆಯದೇ, 1972ರ ಓಎಂ-1ರಂತಹದು, 1.4 ಅಳತೆಯ ಮಸೂರದ್ದು. ನನ್ನದು 2.8ರದು. ಅಂಕಿ ಅರ್ಧವಾದರೆ ಒಳಹೊಗುವ ಬೆಳಕು ನಾಲ್ಕು ಪಟ್ಟಾಗುತ್ತದೆ. ನನ್ನದು 40ನೆಯ ಒಂದು ಭಾಗ ಕಣ್ತೆರೆದಿರಬೇಕಾದಲ್ಲಿ ಅದಕ್ಕೆ 160ನೆಯ ಒಂದು ಭಾಗವೇ ಸಾಕು. ಕುಣಿತಕ್ಕೂ ನಿಲುವಿಗೂ ಇರುವ ಅಂತರವೆಲ್ಲ ಆ ನಾಲ್ಕು ಪಟ್ಟಿನಲ್ಲಿ ಅಡಗಿದೆಯಷ್ಟೆ.

ಕೊಳ್ಳುವ ಮುನ್ನ, ಮಾವನ ಪೆಟ್ಟಿಗೆಯ ತಳದಲ್ಲಿದ್ದ ಸೂಚನಾಪುಸ್ತಿಕೆಯನ್ನು ಒಮ್ಮೆ ಓದಿದೆ. ವಿದ್ಯಾರ್ಥಿಗಳಿಗೆ ದಿನವೂ 'ಮೂಲವನ್ನು ಓದಿ' ಎಂದು ಉಪದೇಶಿಸುವ ಅಧ್ಯಾಪಕನು ಇಷ್ಟು ವರ್ಷ ಅದನ್ನು ಓದಿರಲಿಲ್ಲ! ಮಸೂರದ ಬಳೆಯನ್ನು 'ಎ' ಅಕ್ಷರದಿಂದ ಸರಿಸಿ 2.8ಕ್ಕೆ ನಿಲ್ಲಿಸಿದರೆ ನಾಲಗೆ ಏಳುವುದೇ ಇಲ್ಲ. ಕವಾಟ 40ನೆಯ ಒಂದು ಭಾಗ ತೆರೆದು ಮುಚ್ಚುತ್ತದೆ. ಫ್ಲ್ಯಾಶಿಗೆಂದು ಇಟ್ಟ ಏರ್ಪಾಡದು; ಫ್ಲ್ಯಾಶಿಲ್ಲದೆಯೂ ನಡೆಯುತ್ತದೆ. 400ರ ಫಿಲ್ಮು ಹಾಕಿದ್ದರೆ, ಕುಣಿತ ಮಸುಕಾದರೂ, ಒಡ್ಡೋಲಗದಲ್ಲಿ ನಿಂತ ಆ ನಿಲುವಾದರೂ ಬರುತ್ತಿತ್ತು. ಒಲ್ಲೆನೆಂದದ್ದು ಕೆಮರಾ, ಒಲಿಸಿಕೊಳ್ಳಲರಿಯದವನು ನಾನು.

ಕೋಟದಲ್ಲಿ 1902ರಲ್ಲಿ ಹುಟ್ಟಿ, ಬಾಳಿನ ಕೊನೆಯ ದಶಕಗಳನ್ನು ಸಾಲಿಗ್ರಾಮದಲ್ಲೇ ಕಳೆದ ಶಿವರಾಮ ಕಾರಂತರು ನೆನಪಾಗುತ್ತಾರೆ. 'ಯಕ್ಷಗಾನ ಬಯಲಾಟ' ಕೃತಿಗೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರು 1930ರ ಆಸುಪಾಸಿನಲ್ಲಿ ಮೂಕಿಚಿತ್ರವನ್ನೂ ತೆಗೆದವರು. ಸಲಕರಣೆ ಪೂರ್ಣವಾಗಲೆಂದು ಕಾದು ಕುಳಿತಿದ್ದರೆ ಅವರಿಂದ ಅಷ್ಟು ಕೆಲಸ ಆಗುತ್ತಿತ್ತೆ?

ಆ ರಾತ್ರಿ ಕಳೆದು ಬೆಳಗಾದಾಗ ಚೌಕಿಗೆ ಹೋಗಿದ್ದೆ. ಆ ಹಿರಿಯರು ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದರು. ಕೆನ್ನೆಯ ಒಂದು ಪಾಲು ಇನ್ನೂ ಅರಸನದು, ಇನ್ನೊಂದು ಮುದುಕನದು. ತಟ್ಟಿಯ ಸಂದಿನಿಂದ ಬಿಸಿಲು ಬಂತು. ಈ ಬಾರಿ ನಾಲಗೆ ಏಳಲಿಲ್ಲ. ಮುದ್ರಿತ ಪ್ರತಿಯನ್ನು ಕೊಟ್ಟಾಗ ಅವರು ನಕ್ಕರು: "ವೇಷ ಕಳ್ಚಿದ್ ಮೋರಿ ಯಾರಿಗ್ ಬೇಕ್ ಮಾಷ್ಟ್ರೇ?" ಆದರೂ ಅದನ್ನು ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಾರೆ.

ಓಎಂ-1 ಸದ್ಯಕ್ಕೆ ಅಂಗಡಿಯಲ್ಲೇ ಇರಲಿ. ಈ ತಿರುಗಾಟದಲ್ಲಿ ಬಳೆಯನ್ನು 2.8ಕ್ಕೆ ತಿರುಗಿಸಿ ಆಟದ ಬಯಲಿಗೆ ಹೋಗುವೆನು. ಕುಣಿತ ದಕ್ಕದಿದ್ದರೆ ಆಗ ಕೊಂಡರಾಯಿತು. ಆದರೆ ನನಗೆ ಬೇಕಿದ್ದ ಆ ಕುಣಿತವನ್ನು ಇನ್ನಾವ ಮಸೂರವೂ ಹಿಡಿಯಲಾರದು, ಅದು ಮುಗಿದುಹೋಯಿತು.